ಎಸ್ಟೋನಿಯನ್‌ನಲ್ಲಿ ‘ಸೆಕೆ ಆಗ್ತಿದೆ’ ಅನ್ನೋದು ಹೇಗೆ? ಮೈಗೆ ಅನ್ನಿಸಿದ್ದನ್ನು ಹೇಳಲು ಒಂದು ಮಾರ್ಗದರ್ಶಿ

ಓದಲಿಕ್ಕೋ ಐಟಿ ಕೆಲಸಕ್ಕೋ ಎಸ್ಟೋನಿಯಾ ದೇಶದ ತಾಲ್ಲಿನ್, ತಾರ್ತು ನಗರಗಳ ಕಡೆ ಹೋಗುವವರು ಎಸ್ಟೋನಿಯನ್ ಕಲಿಯಲು ಶುರುಮಾಡಿದಾಗ ಮೊದಲು ಹೆಸರು, ಊರು, ಕೆಲಸ ಹೇಳೋದನ್ನು ಕಲಿಯುತ್ತಾರೆ. ಅದು ಒಂದು ಸಲದ ಮಾತು. ದಿನಾ ಬೇಕಾಗೋದು ಬೇರೆ. ಚಳಿ ಆಗ್ತಿದೆ, ಸೆಕೆ ಆಗ್ತಿದೆ, ಹಸಿವಾಗಿದೆ, ತಲೆ ನೋಯ್ತಿದೆ ಅನ್ನೋ ಮಾತುಗಳು ಬೇಕು. ಜನವರಿಯಲ್ಲಿ ಬಸ್ ಸ್ಟಾಪಿನಲ್ಲಿ ನಿಂತಾಗ, ಮಗುವಿಗೆ ಜ್ವರ ಬಂದಾಗ ಇವೇ ಕೈಹಿಡಿಯೋದು.

ಹೆಚ್ಚಿನವರು ಇಲ್ಲಿ ಇಂಗ್ಲಿಷ್ ದಾರಿ ಹಿಡಿದು ಎಡವುತ್ತಾರೆ. ಕನ್ನಡದ ದಾರಿಯೇ ಹತ್ತಿರ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಆ ದಾರಿ ಎಲ್ಲೆಲ್ಲಿ ಕೈಕೊಡುತ್ತದೆ ಅನ್ನೋದನ್ನೂ ಹೇಳುತ್ತೇನೆ.

ಓದುವ ಮುಂಚೆ: ಉಚ್ಚಾರ

ಇಲ್ಲಿ ಎಲ್ಲ ಮಾತುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಒತ್ತು ಸಾಮಾನ್ಯವಾಗಿ ಮೊದಲ ಅಕ್ಷರದ ಮೇಲೆ ಬೀಳುತ್ತದೆ. ಕ, ತ, ಪ ನಮ್ಮವೇ, ಮಹಾಪ್ರಾಣ ಬೇಡ. ‘ಅ’ ಬಂದಲ್ಲಿ ಬಾಯಿ ಸ್ವಲ್ಪ ಜಾಸ್ತಿ ತೆರೆಯಿರಿ, ಆದರೆ ಎಳೆಯಬೇಡಿ.

ಕನ್ನಡದಲ್ಲಿಲ್ಲದ ಸ್ವರ ಮೂರು. ‘ಕ್ಯುಲ್ಮ್’ ಅಂತ ಬರೆದ ಕಡೆ ನಾಲಿಗೆ ‘ಇ’ ಅನ್ನಬೇಕು, ತುಟಿ ‘ಉ’ ಅನ್ನುವಂತೆ ದುಂಡಗಾಗಬೇಕು. ಮಧ್ಯೆ ‘ಯ’ ಕೇಳಿಸಬಾರದು. ‘ಕ್ಯೊಹ’ ಅಂತ ಬರೆದಲ್ಲಿ ನಾಲಿಗೆ ‘ಎ’, ತುಟಿ ‘ಒ’. ಮೂರನೆಯದು ‘ಕೊಹ್ತ್’ನಲ್ಲಿ ಬರುವ ಸ್ವರ. ‘ಒ’ ಅನ್ನುತ್ತಾ ತುಟಿಯನ್ನು ದುಂಡು ಮಾಡದೆ ಅಗಲಿಸಿದರೆ ಅದು ಬರುತ್ತದೆ. ತುಳುವಿನಲ್ಲಿ ಪದದ ಕೊನೆಗೆ ಬರುವ ಅರ್ಧ ಉಕಾರ ಗೊತ್ತಿದ್ದವರಿಗೆ ಇದು ಬೇಗ ಒಲಿಯುತ್ತದೆ. ‘ವ್ಯಾಗ’, ‘ಲ್ಯಾಂಬೆ’ಗಳಲ್ಲಿ ಇರೋದು ‘ಬ್ಯಾಂಕ್’ನ ಸ್ವರ.

ಗಿಡ್ಡ ಸ್ವರ, ಉದ್ದ ಸ್ವರದ ವ್ಯತ್ಯಾಸ ಮಾತ್ರ ಬಿಡಬೇಡಿ. ಕನ್ನಡಿಗರಿಗೆ ಇದು ಹುಟ್ಟಿನಿಂದಲೇ ಗೊತ್ತಿರುವ ವಿದ್ಯೆ.

ಹೆಜ್ಜೆ 1: ‘ನನಗೆ’ಯಿಂದ ಶುರುಮಾಡಿ

ಇಂಗ್ಲಿಷ್‌ನವರು ‘ನಾನು ಚಳಿಯಾಗಿದ್ದೇನೆ’ ಅನ್ನುವ ಹಾಗೆ ಹೇಳುತ್ತಾರೆ. ನಾವು ಹಾಗೆ ಹೇಳಲ್ಲ ಅಲ್ವಾ? ‘ನನಗೆ ಚಳಿ’ ಅನ್ನುತ್ತೇವೆ. ಚಳಿ ನಾನು ಮಾಡುವ ಕೆಲಸ ಅಲ್ಲ, ನನಗೆ ಬರುವಂಥದ್ದು. ಎಸ್ಟೋನಿಯನ್ನರೂ ಹೀಗೇ ಹೇಳುತ್ತಾರೆ.

ಮುಲ್ ಒನ್ ಪಲವ್. ನನಗೆ ಸೆಕೆ.
ಮುಲ್ ಒನ್ ಕ್ಯುಲ್ಮ್. ನನಗೆ ಚಳಿ.

‘ಮುಲ್’ ಅಂದರೆ ಇಲ್ಲಿ ‘ನನಗೆ’. ‘ಒನ್’ ಅಂದರೆ ‘ಇದೆ’. ಮೂರನೆಯದು ಮೈಗೆ ಅನ್ನಿಸಿದ್ದು. ಈ ಮೂರು ಪದದ ಅಚ್ಚು ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಉಳಿದ ಸರ್ವನಾಮಗಳು ಇವು: ನಿನಗೆ ಸುಲ್, ಅವನಿಗೆ ಅಥವಾ ಅವಳಿಗೆ ತಲ್, ನಮಗೆ ಮೆಯ್ಲ್, ನಿಮಗೆ ತೆಯ್ಲ್, ಅವರಿಗೆಲ್ಲ ನೆಯ್ಲ್. ಎಸ್ಟೋನಿಯನ್‌ನಲ್ಲಿ ಲಿಂಗಭೇದ ಇಲ್ಲ, ಹಾಗಾಗಿ ಅವನಿಗೂ ಅವಳಿಗೂ ಒಂದೇ ‘ತಲ್’. ‘ಒನ್’ ಯಾರಿಗೂ ಬದಲಾಗಲ್ಲ. ಮೆಯ್ಲ್ ಒನ್ ಕ್ಯುಲ್ಮ್, ನೆಯ್ಲ್ ಒನ್ ಪಲವ್, ಅಷ್ಟೇ.

‘ನೀನು, ನೀವು’ ಭೇದ ಅಲ್ಲೂ ಇದೆ. ಗೆಳೆಯರಿಗೆ, ಮಕ್ಕಳಿಗೆ ‘ಸುಲ್’. ಪರಿಚಯ ಇಲ್ಲದವರಿಗೆ, ಹಿರಿಯರಿಗೆ, ಡಾಕ್ಟರಿಗೆ ‘ತೆಯ್ಲ್’. ಪಕ್ಕದ ಮನೆಯ ಅಜ್ಜಿಯನ್ನು ಕೇಳುವಾಗ ‘ಕಸ್ ತೆಯ್ಲ್ ಒನ್ ಕ್ಯುಲ್ಮ್?’ ಅನ್ನಿ. ವಾಕ್ಯದ ಮೊದಲು ‘ಕಸ್’ ಹಾಕಿದರೆ ಪ್ರಶ್ನೆಯಾಗುತ್ತದೆ. ಉತ್ತರಕ್ಕೆ ‘ಒನ್’ ಅಥವಾ ‘ಎಯ್ ಒಲೆ’ ಸಾಕು. ಇದೆ, ಇಲ್ಲ.

ಹೆಸರು ಬಂದರೆ ಅದಕ್ಕೂ ಕೊನೆಗೆ ‘ಲ್’ ಹತ್ತುತ್ತದೆ. ರವಿಲ್ ಒನ್ ಪಲವ್, ಅನಿತಲ್ ಒನ್ ಕ್ಯುಲ್ಮ್. ಸ್ವರದಲ್ಲಿ ಮುಗಿಯುವ ನಮ್ಮ ಹೆಸರುಗಳಿಗೆ ಇದು ಸುಮ್ನೆ ಅಂಟಿಕೊಳ್ಳುತ್ತದೆ. ವ್ಯಂಜನದಲ್ಲಿ ಮುಗಿದರೆ ಮಧ್ಯೆ ‘ಇ’ ಬರುತ್ತದೆ: ಕಿರಣ್ ಇದ್ದದ್ದು ಕಿರಣಿಲ್.

ಹೆಜ್ಜೆ 2: ‘ನಾನು’ ಹಾಕಿದರೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ

‘ಮ ಒಲೆನ್’ ಅಂದರೆ ‘ನಾನು ಇದ್ದೇನೆ’. ಇಂಗ್ಲಿಷ್ ತಲೆಯಲ್ಲಿಟ್ಟುಕೊಂಡು ‘ಮ ಒಲೆನ್ ಕೂಮ್’ ಅಂದರೆ ಸೆಕೆಯ ಮಾತು ಹೋಗಿ, ನೀವು ನಿಮ್ಮನ್ನೇ ಬಹಳ ಮಾದಕ ಅಂತ ಹೊಗಳಿಕೊಂಡ ಹಾಗಾಗುತ್ತದೆ. ‘ಮ ಒಲೆನ್ ಕ್ಯುಲ್ಮ್’ ಅಂದರೆ ಮುಟ್ಟಿದರೆ ಮೈ ತಣ್ಣಗಿದೆ ಅಂತಲೋ, ಪ್ರೀತಿ ಕರುಣೆ ಇಲ್ಲದವನು ಅಂತಲೋ ಅರ್ಥ. ಆಫೀಸಿನಲ್ಲಿ ಕಿಟಕಿ ತೆಗೆಸಲು ಎರಡೂ ನೆರವಾಗಲ್ಲ.

ಹೆಜ್ಜೆ 3: ಬಿಸಿ, ಸೆಕೆ, ಬೆಚ್ಚಗೆ. ಸರಿಯಾದ ಪದ ಆರಿಸಿ

ಕನ್ನಡದಲ್ಲಿ ಕಾಫಿ ‘ಬಿಸಿ’, ಮೈಗೆ ‘ಸೆಕೆ’. ಕಾಫಿಗೆ ಸೆಕೆ ಅನ್ನಲ್ಲ. ಎಸ್ಟೋನಿಯನ್‌ನಲ್ಲೂ ಇದಕ್ಕೆ ಹತ್ತಿರದ ಭೇದ ಇದೆ. ಮೈಗೆ ಆಗುವ ಸೆಕೆ, ಬೇಸಿಗೆಯ ಬಿಸಿಲಿನ ಧಗೆ ‘ಪಲವ್’. ಚಹಾ, ಒಲೆ, ಕಾದ ಕಲ್ಲು ‘ಕೂಮ್’. ತೇ ಒನ್ ಕೂಮ್, ಚಹಾ ಬಿಸಿ ಇದೆ. ಹವೆ ತೀರಾ ಸುಡುತ್ತಿದ್ದರೆ ಅದಕ್ಕೂ ‘ಕೂಮ್’ ಅನ್ನುವುದುಂಟು. ಹೊಸಬರು ಮೈಗೆ ಪಲವ್, ವಸ್ತುವಿಗೆ ಕೂಮ್ ಅಂತ ಇಟ್ಟುಕೊಂಡರೆ ತಪ್ಪಲ್ಲ.

ಚಳಿಯ ಕಡೆ ಕನ್ನಡಕ್ಕೇ ಪದ ಜಾಸ್ತಿ. ನಮಗೆ ಮೈಗೆ ಚಳಿ, ಸಾರಿಗೆ ತಣ್ಣಗೆ. ಅವರಿಗೆ ಎರಡಕ್ಕೂ ‘ಕ್ಯುಲ್ಮ್’. ಸುಪ್ ಒನ್ ಕ್ಯುಲ್ಮ್, ಸೂಪ್ ತಣ್ಣಗಾಗಿದೆ.

ಮಧ್ಯದ ಪದಗಳು: ಬೆಚ್ಚಗೆ ಅನ್ನಲು ‘ಸೊಯೆ’, ಉಗುರುಬೆಚ್ಚಗೆ ‘ಲೆಯ್ಗೆ’, ತಂಪು ‘ಯಹೆ’. ‘ಮುಲ್ ಒನ್ ಸೊಯೆ’ ಅಂದರೆ ಹಿತವಾಗಿ ಬೆಚ್ಚಗಿದ್ದೇನೆ ಅಂತ. ಇನ್ನೊಂದು ಪದ ‘ಲ್ಯಾಂಬೆ’. ಗಾಳಿ ಆಡದೆ ಉಸಿರು ಕಟ್ಟಿಸುವ ಧಗೆ ಅದು. ಮಂಗಳೂರಿನ ಮೇ ತಿಂಗಳು ಕಂಡವರಿಗೆ ವಿವರಣೆ ಬೇಡ.

ಅಳತೆಗೆ: ಸ್ವಲ್ಪ ‘ನತುಕೆ’, ತುಂಬಾ ‘ವ್ಯಾಗ’, ಅತಿಯಾಗಿ ‘ಲೀಗ’. ಮುಲ್ ಒನ್ ನತುಕೆ ಕ್ಯುಲ್ಮ್. ಮುಲ್ ಒನ್ ಲೀಗ ಪಲವ್.

ಹೆಜ್ಜೆ 4: ಕಾಲ ಬದಲಿಸಿ, ಇಲ್ಲ ಅನ್ನಿ

ಇದು ಸುಲಭ. ನಿನ್ನೆ ಚಳಿ ಇತ್ತು: ಮುಲ್ ಒಲಿ ಕ್ಯುಲ್ಮ್. ಈಗ ಚಳಿ ಇಲ್ಲ: ಮುಲ್ ಎಯ್ ಒಲೆ ಕ್ಯುಲ್ಮ್. ಮಾತಿನಲ್ಲಿ ‘ಎಯ್ ಒಲೆ’ ಸೇರಿ ‘ಪೊಲೆ’ ಆಗುತ್ತದೆ. ನಿನ್ನೆ ಚಳಿ ಇರಲಿಲ್ಲ: ಮುಲ್ ಎಯ್ ಒಲ್ನುದ್ ಕ್ಯುಲ್ಮ್.

‘ಚಳಿ ಆಗ್ತಿದೆ’ಯ ‘ಆಗ್ತಿದೆ’ಗೆ ಬೇರೆ ಪದ ಹುಡುಕಬೇಡಿ, ‘ಒನ್’ ಸಾಕು. ಚಳಿ ಈಗಷ್ಟೇ ಶುರುವಾಗ್ತಿದೆ ಅನ್ನಬೇಕಾದರೆ ಮಾತ್ರ ‘ಹಕ್ಕಬ್’ ಬರುತ್ತದೆ. ಮುಲ್ ಹಕ್ಕಬ್ ಕ್ಯುಲ್ಮ್. ಚಳಿ ಶುರುವಾಯಿತು ಅನ್ನಲು ಮುಲ್ ಹಕ್ಕಸ್ ಕ್ಯುಲ್ಮ್. ಹೊರಗೆ ಮಕ್ಕಳನ್ನು ಆಡಿಸುತ್ತಾ ನಿಂತಾಗ ‘ಮುಲ್ ಹಕ್ಕಬ್ ಕ್ಯುಲ್ಮ್’ ಅಂದರೆ ಸಾಕು, ಇನ್ನು ಮನೆಗೆ ಹೋಗೋಣ ಅನ್ನೋದು ಎದುರಿನವರಿಗೆ ಗೊತ್ತಾಗುತ್ತದೆ.

ಹೆಜ್ಜೆ 5: ಹವೆಯ ಮಾತು

ಇಲ್ಲಿ ‘ಮುಲ್’ ತೆಗೆದು ಜಾಗದ ಹೆಸರು ಇಡಿ. ವ್ಯಾಲ್ಯಸ್ ಒನ್ ಕ್ಯುಲ್ಮ್, ಹೊರಗೆ ಚಳಿ. ಸೀನ್ ಒನ್ ಪಲವ್, ಇಲ್ಲಿ ಸೆಕೆ. ತೊಅಸ್ ಒನ್ ಸೊಯೆ, ಕೋಣೆಯಲ್ಲಿ ಬೆಚ್ಚಗಿದೆ.

ಉಷ್ಣಾಂಶ ಹೇಳುವ ರೀತಿ ಗಮನಿಸಿ. ಮೈನಸ್, ಪ್ಲಸ್ ಅನ್ನುವುದಕ್ಕಿಂತ ಚಳಿಯ ಡಿಗ್ರಿ, ಬಿಸಿಯ ಡಿಗ್ರಿ ಅಂತ ಎಣಿಸುವುದು ಅಲ್ಲಿ ರೂಢಿ. ‘ಕ್ಯುಮ್ಮೆ ಕ್ರಾದಿ ಕ್ಯುಲ್ಮ’ ಅಂದರೆ ಸೊನ್ನೆಗಿಂತ 10 ಡಿಗ್ರಿ ಕೆಳಗೆ. ‘ಕ್ಯುಮ್ಮೆ ಕ್ರಾದಿ ಸೋಯ’ ಅಂದರೆ ಸೊನ್ನೆಗಿಂತ 10 ಡಿಗ್ರಿ ಮೇಲೆ. ಕೊನೆಯ ಪದ ಕಿವಿಗೆ ಬೀಳದಿದ್ದರೆ ತೆಳು ಜಾಕೆಟ್ ಹಾಕಿಕೊಂಡು ಹಿಮಕ್ಕೆ ಇಳಿಯಬೇಕಾಗುತ್ತದೆ, ಹುಷಾರು.

ಈ ದೇಶದ ದಾಖಲೆಗಳನ್ನು ನೋಡಿದರೆ ಎರಡೂ ಪದ ಯಾಕೆ ಬೇಕು ಅಂತ ತಿಳಿಯುತ್ತದೆ. 1940ರ ಜನವರಿ 17ರಂದು ಯೊಗೆವಾದಲ್ಲಿ ಮೈನಸ್ 43.5 ಡಿಗ್ರಿ ಇಳಿದಿತ್ತು. 1992ರ ಆಗಸ್ಟ್ 11ರಂದು ವೊರು ಪಟ್ಟಣದಲ್ಲಿ 35.6 ಡಿಗ್ರಿ ಏರಿತ್ತು. 35 ಡಿಗ್ರಿ ನಮ್ಮ ರಾಯಚೂರಿನವರಿಗೆ ಏನೂ ಅಲ್ಲ. ಆದರೆ ಅಲ್ಲಿನ ಮನೆಗಳನ್ನು ಕಟ್ಟಿರೋದೇ ಬಿಸಿ ಹೊರಗೆ ಹೋಗದಿರಲಿ ಅಂತ. 30 ಡಿಗ್ರಿಗೇ ಒಳಗೆ ಕೂರೋದು ಕಷ್ಟ. ಆಗ ಕೇಳಿಬರುವ ಮಾತು: ‘ಕಸ್ ತೊಹಿಬ್ ಅಕ್ನ ಲಹ್ತಿ ತೆಹ?’ ಕಿಟಕಿ ತೆಗೆಯಬಹುದಾ?

ಹೆಜ್ಜೆ 6: ಸೌನ್‌ನಲ್ಲಿ ಅಭ್ಯಾಸ

ಬಿಸಿಯ ಮಾತು ಕಲಿಯಲು ಸೌನ್‌ಗಿಂತ ಒಳ್ಳೆಯ ಜಾಗ ಇಲ್ಲ. ಕಾದ ಕಲ್ಲಿನ ಬಿಸಿ, ಹಬೆಯಲ್ಲಿ ಕೂತು ಬೆವರುವ ಕೋಣೆ ಅದು. ಬೇರೆ ಕಡೆ ಸೌನಾ ಅನ್ನೋದನ್ನು ಎಸ್ಟೋನಿಯನ್ನರು ‘ಸೌನ್’ ಅನ್ನುತ್ತಾರೆ. ದಕ್ಷಿಣದ ವೊರು ಸೀಮೆಯ ಹೊಗೆ ಸೌನ್ ಸಂಪ್ರದಾಯ 2014ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ಆ ಸೌನ್‌ಗೆ ಚಿಮಣಿ ಇರಲ್ಲ. ಹೊಗೆ ಒಳಗೇ ತುಂಬಿ ಕಲ್ಲು ಕಾಯಬೇಕು, ಬೆಂಕಿ ಆರಬೇಕು, ಹೊಗೆ ಹೊರಗೆ ಹೋಗಬೇಕು. ಆಮೇಲೇ ಜನ ಒಳಗೆ ಕೂರೋದು.

ಮನೆಯ ಸಾಮಾನ್ಯ ಸೌನ್‌ನಲ್ಲಿ ಏನಾಗುತ್ತದೆ ನೋಡಿ. ಮೂಲೆಯಲ್ಲಿ ಕಲ್ಲು ಪೇರಿಸಿದ ಒಲೆ, ಅದು ‘ಕೆರಿಸ್’. ಸೌಟಿನಲ್ಲಿ ನೀರು ತೆಗೆದು ಕಲ್ಲಿನ ಮೇಲೆ ಎರಚಿದರೆ ಚುರ್ ಅಂತ ಎದ್ದು, ಮೊದಲು ಕಿವಿಯ ತುದಿಗೆ, ಆಮೇಲೆ ಭುಜಕ್ಕೆ ಬಂದು ಬಡಿಯುವ ಹಬೆ ‘ಲೆಯ್ಲ್’. ಎಲೆ ಸಮೇತ ಕಟ್ಟಿದ ಬರ್ಚ್ ಕೊಂಬೆಗಳ ಕಟ್ಟು ‘ವಿಹ್ತ್’, ಅದರಿಂದ ಬೆನ್ನು, ಕಾಲಿಗೆ ಬಡಿದುಕೊಳ್ಳುತ್ತಾರೆ. ಮೇಲಿನ ಹಲಗೆಯಲ್ಲಿ ಬಿಸಿ ಜಾಸ್ತಿ, ಕೆಳಗಿನದರಲ್ಲಿ ಕಮ್ಮಿ. ಹೊಸಬರು ಕೆಳಗೆ ಕೂರೋದು ಒಳ್ಳೇದು.

ಪಕ್ಕದವರು ‘ಕಸ್ ಸುಲ್ ಒನ್ ಪಲವ್?’ ಅಂತ ಕೇಳಿದರೆ ಇದ್ದದ್ದನ್ನು ಹೇಳಿ. ನತುಕೆ. ವ್ಯಾಗ. ಇನ್ನೊಂದು ಸೌಟು ನೀರು ಎತ್ತಿದಾಗ ಬೇಡ ಅನ್ನಿಸಿದರೆ ‘ಅಯ್ತಬ್’ ಅನ್ನಿ, ಸಾಕು ಅಂತ. ತಲೆ ತಿರುಗಿದ ಹಾಗಾದರೆ ‘ಪೆಯ ಕ್ಯಾಯ್ಬ್ ರಿಂಗಿ’ ಅಂತ ಹೇಳಿ ತಕ್ಷಣ ಹೊರಗೆ ಬನ್ನಿ. ಸಂಕೋಚ ಬೇಡ. ಮಧ್ಯೆ ಮಧ್ಯೆ ಹೊರಗೆ ಹೋಗಿ ತಂಪಾಗಿ ಬರೋದು ಅಲ್ಲಿ ಎಲ್ಲರ ಪದ್ಧತಿ.

ಹೆಜ್ಜೆ 7: ಹಸಿವು, ಬಾಯಾರಿಕೆ, ನಿದ್ದೆ

ಅದೇ ಅಚ್ಚು. ಮುಲ್ ಒನ್ ಯನು, ಬಾಯಾರಿಕೆ. ಮುಲ್ ಒನ್ ಉನಿ, ನಿದ್ದೆ ಬರ್ತಿದೆ. ಹಸಿವಿಗೆ ‘ಮುಲ್ ಒನ್ ಕೊಹ್ತ್ ತ್ಯುಹಿ’. ಕೊಹ್ತ್ ಅಂದರೆ ಹೊಟ್ಟೆ, ತ್ಯುಹಿ ಅಂದರೆ ಖಾಲಿ. ಊಟ ಆದ ಮೇಲೆ ‘ಕೊಹ್ತ್ ಸಯ್ ತ್ಯಾಯ್ಸ್’, ಹೊಟ್ಟೆ ತುಂಬಿತು. ನಮ್ಮ ಮನೆಗಳಲ್ಲಿ ಬಡಿಸುವವರ ಮುಂದೆ ಎಲೆ ಮೇಲೆ ಕೈ ಅಡ್ಡ ಹಿಡಿದು ಹೇಳುವ ಮಾತೇ ಇದು.

ಹೆಜ್ಜೆ 8: ಕನ್ನಡ ಕೈಕೊಡುವ ಜಾಗಗಳು

ಇದನ್ನು ನಿಧಾನವಾಗಿ ಓದಿ. ಕನ್ನಡಿಗರ ತಪ್ಪುಗಳು ಹುಟ್ಟೋದು ಇಲ್ಲೇ.

ಮೊದಲನೆಯದು ಸುಸ್ತು. ನಾವು ‘ನನಗೆ ಸುಸ್ತಾಗಿದೆ’ ಅನ್ನುತ್ತೇವೆ. ಅದೇ ಲೆಕ್ಕದಲ್ಲಿ ‘ಮುಲ್ ಒನ್ ವ್ಯಾಸಿನುದ್’ ಅಂದರೆ ತಪ್ಪು. ಇಲ್ಲಿ ‘ನಾನು’ ಬೇಕು: ಮ ಒಲೆನ್ ವ್ಯಾಸಿನುದ್. ‘ನನಗೆ ಹುಷಾರಿಲ್ಲ’ ಅನ್ನೋದೂ ಹೀಗೇ: ಮ ಒಲೆನ್ ಹಯ್ಗೆ. ವಾಸಿಯಾದ ಮೇಲೆ ಮ ಒಲೆನ್ ತೆರ್ವೆ. ಮೈಯೆಲ್ಲ ಒಂದು ಸ್ಥಿತಿಗೆ ಬಂದಾಗ ‘ಮ ಒಲೆನ್’, ಚಳಿ, ಸೆಕೆ, ದಾಹದಂಥವು ಬಂದಾಗ ‘ಮುಲ್ ಒನ್’ ಅಂತ ಇಟ್ಟುಕೊಂಡರೆ ಬಹಳಷ್ಟು ಕಡೆ ದಾರಿ ಸರಿಹೋಗುತ್ತದೆ. ನಡುಗೋದು, ಬೆವರೋದು ಕ್ರಿಯಾಪದಗಳು, ಅವಕ್ಕೂ ‘ಮ’ ಬರುತ್ತದೆ. ಮ ವ್ಯಾರಿಸೆನ್, ನಡುಗುತ್ತಿದ್ದೇನೆ. ಮ ಹಿಗಿಸ್ತನ್, ಬೆವರುತ್ತಿದ್ದೇನೆ.

ಎರಡನೆಯದು ಇನ್ನೂ ಸೂಕ್ಷ್ಮ. ಕನ್ನಡದ ಒಂದು ‘ನನಗೆ’ಗೆ ಅಲ್ಲಿ ಎರಡು ರೂಪ ಇವೆ. ಚಳಿ, ಸೆಕೆ, ಹಸಿವಿಗೆ ‘ಮುಲ್’. ಇಷ್ಟ, ಅನಿಸಿಕೆ, ಕೊಡುವ ಮಾತಿಗೆ ‘ಮುಲ್ಲೆ’. ಮುಲ್ಲೆ ಮೇಲ್ದಿಬ್ ಸೌನ್, ನನಗೆ ಸೌನ್ ಇಷ್ಟ. ‘ಮುಲ್ಲೆ ಒನ್ ಕ್ಯುಲ್ಮ್’ ಅನ್ನೋದು ತಪ್ಪು. ‘ಒನ್’ ಇದ್ದು ಮೈಯ ಮಾತಾದರೆ ‘ಮುಲ್’ ಅಂತ ನೆನಪಿಡಿ. ‘ನನ್ನ ಹತ್ತಿರ ಕಾರಿದೆ’ ಅನ್ನಲೂ ಇದೇ ‘ಮುಲ್ ಒನ್’ ಬರುತ್ತದೆ. ಹಾಗಾಗಿ ದಿನಕ್ಕೆ ಎಷ್ಟೋ ಸಲ ನಾಲಿಗೆ ಮೇಲೆ ಆಡುತ್ತದೆ, ಬೇಗ ಕೂರುತ್ತದೆ.

ಹೆಜ್ಜೆ 9: ನೋವು, ಜ್ವರ, ಔಷಧಿ ಅಂಗಡಿ

ನೋಯೋದಕ್ಕೆ ‘ವಲುತಬ್’. ಮುಲ್ ವಲುತಬ್ ಪೆಯ, ತಲೆ ನೋಯ್ತಿದೆ. ‘ಪೆಯ’ ತೆಗೆದು ಬೇರೆ ಅಂಗ ಇಡಿ: ಹೊಟ್ಟೆ ಕೊಹ್ತ್, ಹಲ್ಲು ಹಮ್ಮಸ್, ಗಂಟಲು ಕುರ್ಕ್, ಬೆನ್ನು ಸೆಲ್ಗ್, ಕಾಲು ಯಲ್ಗ್. ಡಾಕ್ಟರು ‘ಕುಸ್ತ್ ವಲುತಬ್?’ ಅನ್ನುತ್ತಾರೆ. ಅಕ್ಷರಶಃ ‘ಎಲ್ಲಿಂದ ನೋಯ್ತಿದೆ?’ ಅಂತ. ಜಾಗ ಮುಟ್ಟಿ ‘ಸೀತ್’ ಅನ್ನಿ, ಇಲ್ಲಿಂದ. ಇಷ್ಟರಿಂದಲೇ ಎಷ್ಟೋ ಕೆಲಸ ಆಗುತ್ತದೆ.

ಜ್ವರ ‘ಪಲವಿಕ್’. ಇದು ಸೆಕೆಯ ‘ಪಲವ್’ನಿಂದಲೇ ಬಂದದ್ದು. ಕೊನೆಯ ‘ಇಕ್’ ನುಂಗಿದರೆ ಜ್ವರ ಬರೀ ಸೆಕೆ ಆಗಿಬಿಡುತ್ತದೆ, ಸ್ಪಷ್ಟವಾಗಿ ಹೇಳಿ. ಮುಲ್ ಒನ್ ಪಲವಿಕ್. ಮಗುವಿಗೆ ಅನ್ನಲು ಲಪ್ಸೆಲ್ ಒನ್ ಪಲವಿಕ್. ನೆಗಡಿ ‘ನೊಹು’, ಕೆಮ್ಮು ‘ಕ್ಯೊಹ’. ನಿನ್ನೆಯಿಂದ ಅನ್ನಲು ‘ಎಯ್ಲ್ಸೆಸ್ತ್ ಸಾದಿಕ್’.

ಜ್ವರವನ್ನು ಅಲ್ಲಿ ಸೆಲ್ಸಿಯಸ್‌ನಲ್ಲಿ ಹೇಳಬೇಕು. ಊರಿಂದ ತಂದ ಥರ್ಮಾಮೀಟರ್ ಫ್ಯಾರನ್‌ಹೀಟ್‌ನದಾಗಿದ್ದರೆ ಮೊದಲೇ ಲೆಕ್ಕ ಮಾಡಿಟ್ಟುಕೊಳ್ಳಿ. ನಮ್ಮ 100.4 ಅಂದರೆ ಅಲ್ಲಿನ 38. 101.3 ಅಂದರೆ 38.5. 102.2 ಅಂದರೆ 39. ಹೇಳುವಾಗ 38 ಅನ್ನೋದು ‘ಕೊಲ್ಮ್‌ಕ್ಯುಮ್ಮೆಂದ್ ಕಹೆಕ್ಸ’, 39 ‘ಕೊಲ್ಮ್‌ಕ್ಯುಮ್ಮೆಂದ್ ಯುಹೆಕ್ಸ’. ದಶಮಾಂಶ ಬಂದರೆ ಮಧ್ಯೆ ‘ಕೊಮ’ ಅನ್ನಿ, 5 ‘ವೀಸ್’. ಬಾಯಿ ತಡವರಿಸಿದರೆ ಚೀಟಿಯಲ್ಲಿ ಬರೆದು ತೋರಿಸಿ.

ಔಷಧಿ ಅಂಗಡಿ ‘ಅಪ್ತೇಕ್’. ಅಲ್ಲಿ ಕೇಳೋದು ಹೀಗೆ: ‘ಕಸ್ ತೆಯ್ಲ್ ಒನ್ ಮಿದಗಿ ಪಲವಿಕು ವಸ್ತು?’ ಜ್ವರಕ್ಕೆ ಏನಾದರೂ ಇದೆಯಾ? ‘ವಸ್ತು’ ಅಂದರೆ ಅಲ್ಲಿ ‘ವಿರುದ್ಧ’. ಕನ್ನಡಿಗರ ಬಾಯಿಗೆ ತಾನಾಗಿ ಬರುವ ಪದ. ಕೆಮ್ಮಿಗೆ ‘ಮಿದಗಿ ಕ್ಯೊಹ ವಸ್ತು’.

ಒಂದು ಮಾತನ್ನು ಮಾತ್ರ ತಪ್ಪಾಗಿ ಅರ್ಥ ಮಾಡಿಕೊಳ್ಳಬಾರದು. ‘ಮುಲ್ ಒನ್ ಸ್ಯುದ ಪಹ’ ಅಂದರೆ ಪದಶಃ ‘ನನಗೆ ಹೃದಯ ಕೆಟ್ಟದ್ದು’. ಆದರೆ ಅರ್ಥ ಹೊಟ್ಟೆ ತೊಳಸ್ತಿದೆ, ವಾಂತಿ ಬರೋ ಹಾಗಿದೆ ಅಂತ. ನಿಜವಾಗಲೂ ಎದೆನೋವಿದ್ದಾಗ ಇದನ್ನು ಹೇಳಿದರೆ ಎದುರಿನವರು ಊಟ ಹಿಡಿಸಲಿಲ್ಲ ಅಂದುಕೊಳ್ಳುತ್ತಾರೆ. ಎದೆನೋವಿಗೆ ‘ಮುಲ್ ಒನ್ ವಲು ರಿನ್ನುಸ್’. ಉಸಿರಾಡೋದು ಕಷ್ಟ ಅನ್ನಲು ‘ಮುಲ್ ಒನ್ ರಸ್ಕೆ ಹಿಂಗತ’. ಈ ಎರಡು ವಾಕ್ಯ ಬಾಯಿಪಾಠ ಇರಲಿ. ಇಂಥ ಹೊತ್ತಲ್ಲಿ ಕಾಯಬೇಡಿ, 112ಕ್ಕೆ ಕರೆ ಮಾಡಿ. ಅಷ್ಟು ತುರ್ತಿಲ್ಲದ, ಆದರೆ ಸಲಹೆ ಬೇಕಾದ ತೊಂದರೆಗೆ ಕುಟುಂಬ ವೈದ್ಯರ ಸಲಹಾ ಫೋನ್ 1220 ಇದೆ.

ಡಾಕ್ಟರ ಮುಂದೆ ಯಾವ ಪದವೂ ಹೊಳೆಯದಿದ್ದರೆ ‘ಮುಲ್ ಒನ್ ಹಲ್ಬ್ ಒಲ್ಲ’ ಅನ್ನಿ, ಯಾಕೋ ಸರಿ ಇಲ್ಲ ಅಂತ. ಮರುದಿನ ಸುಧಾರಿಸಿದರೆ ‘ಮುಲ್ ಒನ್ ಯುಬ ಪರೆಮ್’, ಈಗ ವಾಸಿ.

ಹೆಜ್ಜೆ 10: ದಿನಾ ಬಳಸಿ

ಎಸ್ಟೋನಿಯನ್ ಭಾಷಾ ಸಂಸ್ಥೆಯ ‘ಸೊನವೇಬ್’ ಅನ್ನುವ ಉಚಿತ ಆನ್‌ಲೈನ್ ನಿಘಂಟು ಇದೆ. ಪದದ ರೂಪಗಳೂ ಉಚ್ಚಾರವೂ ಅಲ್ಲಿ ಸಿಗುತ್ತವೆ. ಇಲ್ಲಿ ಓದಿದ ಪ್ರತಿ ಪದವನ್ನೂ ಒಮ್ಮೆ ಅಲ್ಲಿ ಕೇಳಿಸಿಕೊಳ್ಳಿ. ಕನ್ನಡ ಲಿಪಿ ದಾರಿ ತೋರಿಸುತ್ತದೆ, ಕಿವಿ ಪಳಗಬೇಕಾದರೆ ಅವರ ದನಿಯೇ ಬೇಕು.

ನೀವು ತಡವರಿಸಿದರೆ ಎದುರಿನವರು ಇಂಗ್ಲಿಷ್‌ಗೆ ತಿರುಗುವುದು ಜಾಸ್ತಿ. ಆಗ ‘ಪಲುನ್ ರ‍್ಯಾಕಿಗೆ ಏಸ್ತಿ ಕೇಲೆಸ್’ ಅನ್ನಿ, ದಯವಿಟ್ಟು ಎಸ್ಟೋನಿಯನ್‌ನಲ್ಲೇ ಮಾತಾಡಿ ಅಂತ.

ಮನೆಯಲ್ಲಿ ಮಕ್ಕಳಿದ್ದರೆ ಅಭ್ಯಾಸಕ್ಕೆ ಕೊರತೆ ಇಲ್ಲ. ಚಳಿಗಾಲದಲ್ಲಿ ಹೊರಡುವ ಮುಂಚೆ ಬಾಗಿಲ ಹತ್ತಿರ ದಿನಾ ಇದೇ ಮಾತು: ಪನೆ ಮ್ಯುತ್ಸ್ ಪ್ಯಾಹೆ, ಟೋಪಿ ಹಾಕ್ಕೋ. ಪನೆ ಯೊಪೆ ಸೆಲ್ಗ, ಜಾಕೆಟ್ ಹಾಕ್ಕೋ. ಪನೆ ಕಿಂದದ್ ಕ್ಯಾತ್ತೆ, ಕೈಗವಸು ಹಾಕ್ಕೋ. ಟೋಪಿಯನ್ನು ತಲೆಗೆ, ಜಾಕೆಟ್ಟನ್ನು ಬೆನ್ನಿಗೆ, ಕೈಗವಸನ್ನು ಕೈಗೆ ಇಡು ಅನ್ನುವ ಕ್ರಮ ಇದು, ಅಂಗಗಳ ಹೆಸರೂ ಜೊತೆಗೇ ಬಾಯಿಗೆ ಬರುತ್ತವೆ. ಎಲ್ಲ ಹಾಕಿಸಿದ ಮೇಲೆ ‘ಕಸ್ ಸುಲ್ ಒನ್ ಸೊಯೆ?’ ಅಂತ ಕೇಳಿ. ಶಿಶುವಿಹಾರಕ್ಕೆ ಹೋಗುವ ಮಗುವಾದರೆ ಉತ್ತರ ಕೊಡುವುದರ ಜೊತೆಗೆ ನಿಮ್ಮ ಉಚ್ಚಾರವನ್ನೂ ತಿದ್ದುತ್ತದೆ. ತಿದ್ದಲಿ ಬಿಡಿ.